ಅಪ್ಪನ ಬೀಡಿ ಹ್ಯಾಂಗ ಬಿಡಸೂದು? ಅನುಭವ ಇದ್ದವರು ಹೇಳ್ರಿ

ಮುದ್ದೇಬಿಹಾಳದಿಂದ: ಅಪ್ಪಗ 58. ದಿನಾ ಎರಡು ಕಟ್ಟು ಬೀಡಿ. ಸಿಒಪಿಡಿ, ಅಂದ್ರ ಉಸಿರುನಾಳ ಸಣ್ಣಾಗಿ ದಮ್ಮು ಹತ್ತೂ ರೋಗ ಅಂತ ಹೇಳ್ಯಾರ. ಬಿಡಾಕ ಒಲ್ಲೆ ಅಂತಾನ. ನಿಮ್ಮ ಮನ್ಯಾಗ ಹ್ಯಾಂಗ ಬಿಡಿಸಿದ್ರಿ?

ಜಮಖಂಡಿ ರೈತ: ನನ್ನ ಬಲಗಾಲ ಹೆಬ್ಬೆರಳು ಕರ್ರಗಾತು. ಸಕ್ಕರಿ ಬ್ಯಾನಿ ಅಂತ ಮೂರು ಸಲ ರಕ್ತ ತಗದ್ರು, ಸಕ್ಕರಿ ಇರಲೇ ಇಲ್ಲ. ಮಿರಜಿಗೆ ಹೋದಮ್ಯಾಲೆ ಬರ್ಜರ್ ರೋಗ ಅಂದ್ರು. ತಂಬಾಕಿನಿಂದ ಕಾಲಿನ ರಕ್ತನಾಳ ಬಾತು, ಹೆಪ್ಪುಗಟ್ಟಿ ಮುಚ್ಚತಾವ. ಎರಡು ಬೆರಳು ಹೋದೂವು. ಬಿಲ್ಲು 86,400, ಮ್ಯಾಲೆ ಡ್ರೆಸ್ಸಿಂಗಿಗೆ ದಿನಾ 250, ಏಳು ವಾರ. ಎತ್ತು ಮಾರಿದೆ. ಆಸ್ಪತ್ರಿ ಮಂಚದ ಮ್ಯಾಲೇ ಬೀಡಿ ಬಿಟ್ಟೆ, ಮತ್ತ ಮುಟ್ಟಿಲ್ಲ. ಚಟ ಬಿಡಸಾಕ ಅಗಿಯೂ ಗಮ್ಮು ಗಿಮ್ಮು ಬ್ಯಾಡ, ಎದಿ ಗಟ್ಟಿ ಇರಬೇಕು.

ಗೋಕಾಕ ಮಾಸ್ತರ: ಎದಿ ಗಟ್ಟಿ ಅನ್ನೂ ಮಾತು ಕೇಳಿದ್ರ ಮೈ ಉರಿತೈತಿ. ನಾ ನಾಕು ಸಲ ಹಂಗ ಬಿಟ್ಟು ನಾಕೂ ಸಲ ಸೋತೀನಿ. ಹೊಗಿ ಎಳದ ಹತ್ತಿಪ್ಪತ್ತು ಸೆಕೆಂಡಿನ್ಯಾಗ ತಂಬಾಕಿನ್ಯಾಗಿನ ಚಟ ಹಚ್ಚೂ ನಿಕೋಟಿನ್ ಮಿದುಳಿಗೆ ಮುಟ್ಟತೈತಿ, ಅದು ಹೇಡಿತನ ಅಲ್ಲ. ನನ್ನ ಉಳಿಸಿದ್ದು 4 ಮಿಲಿಗ್ರಾಂ ನಿಕೋಟಿನ್ ಗಮ್. ಮೊದಲ ವಾರ ಎಲಿ ಅಡಿಕಿ ಅಗದಂಗ ಅಗದು ನುಂಗಿ, ಬಿಕ್ಕಳಿಕಿ ಹತ್ತಿ ಕ್ಲಾಸು ನಡಸಾಕ ಆಗಲಿಲ್ಲ. ಖಾರ ಹತ್ತೂತನ ಸಾವಕಾಶ ಅಗದು, ಗಲ್ಲ ವಸಡಿನ ನಡುವ ಒತ್ತಿ ಇಡಬೇಕು.

ಬಾಗಲಕೋಟಿ ಸೊಸಿ: ಎಲ್ಲಾರೂ ಸೇದಿದವರ ಕಥಿನ ಹೇಳಾಕತ್ತೀರಿ. ನಮ್ಮ ಮಾವ ಪಡಸಾಲ್ಯಾಗ ಕುಂತು ಸೇದಾವ್ರು, ದಮ್ಮು ಹತ್ತಿದ್ದು ನನ್ನ ಮೂರು ವರ್ಷದ ಮಗಗ. ಔಷಧ ಮಂಜಿನಂಗ ಮಾಡಿ ಉಸಿರಿಗೆ ಕೊಡೂ ನೆಬ್ಯುಲೈಜರ್ 1,850. ಆಮೇಲೆ ಮಾವಗ ಆಕ್ಸಿಜನ್ ಮಷಿನ್, 41,000. ಕರೆಂಟ್ ಹೋದ ರಾತ್ರಿ ಸಿಲಿಂಡರ್ ಹುಡಕ್ಕೋತ ಗಂಡ ನವನಗರ ಪೂರಾ ತಿರಿಗ್ಯಾನ. ಬಾಜೂಕ ಬೆಂಕಿ ಹಚ್ಚಬ್ಯಾಡ್ರಿ ಅಂದ್ರೂ ಕದ್ದು ಬೀಡಿ ಹಚ್ಚಾವ್ರು. ಶ್ವಾಸಕೋಶದಾಗ ಹಾಳಾದ ಗಾಳಿಚೀಲ ಮತ್ತ ಹುಟ್ಟಂಗಿಲ್ಲ. ಹ್ವಾದ ದೀಪಾವಳಿಗೆ ತೀರಿಕೊಂಡ್ರು.

ನಿಪ್ಪಾಣಿಯವ: ಬೀಡಿ ಬೀಡಿ ಅಂತ ಬೈಬ್ಯಾಡ್ರಿ. ನಮ್ಮವ್ವ ಬೀಡಿ ಕಟ್ಟೇ ನನ್ನ ಓದಿಸ್ಯಾಳ. ಸಿಗರೇಟಿನಕಿಂತ ಹಗುರ ಐತಿ ಅದು.

ಗೋಕಾಕ ಮಾಸ್ತರ: ಹಗುರ ಅಂತ ಯಾರು ಹೇಳಿದ್ರು? ಬೀಡಿ ಸುತ್ತೂ ಎಲಿಯೊಳಗ ಗಾಳಿ ಆಡಂಗಿಲ್ಲ, ಆರಬಾರದಂತ ಜೋರಾಗಿ ಮ್ಯಾಲಿಂದ ಮ್ಯಾಲೆ ಎಳಿಬೇಕು. ಟಾರ್ ಅನ್ನೂ ಕರಿ ಅಂಟು, ಕಾರ್ಬನ್ ಮೊನಾಕ್ಸೈಡ್ ಅನ್ನೂ ವಿಷಗಾಳಿ ಹೆಚ್ಚ ಒಳಗ ಹೋಗತಾವ.

ನಿಪ್ಪಾಣಿಯವ: ನಮ್ಮವ್ವ ಒಂದೂ ಸೇದಿಲ್ಲ, ಆಕಿಗೂ ಕೆಮ್ಮ ಐತಿ, ತಂಬಾಕ ಧೂಳಿಂದ. 1981ರಾಗ ತಂಬಾಕ ದರ ಕೇಳಿ ರೈತರು ಪೊಲೀಸರ ಗುಂಡು ತಿಂದ ಊರಿದು. ಬೀಡಿ ಧಂದೆ ಮುಚ್ಚರಿ ಅನ್ನಾವರು ಬದಲಿ ಕೆಲಸ ತೋರಸ್ರಿ.

ಬಾಗಲಕೋಟಿ ಸೊಸಿ: ಮುಚ್ಚರಿ ಅಂತ ಇಲ್ಲಿ ಯಾರಂದ್ರು? ನನ್ನ ಕೂಸಿನ ಉಸಿರು ಯಾವ ದರಕ್ಕ ಕೊಡ್ಲಿ, ಅದನ್ನ ಹೇಳ್ರಿ.

ಜಮಖಂಡಿ ರೈತ: ಮುದ್ದೇಬಿಹಾಳದವರ, ಅಪ್ಪನ ಪಾದ ಒಮ್ಮೆ ನೋಡ್ರಿ. ನಡದಾಗ ಮೀನಖಂಡ ಹಿಡದು, ನಿಂತ್ರ ಬಿಡತೈತಿ ಅಂದ್ರ ನಾಳೆ ಅನಬ್ಯಾಡ್ರಿ. ನಾ ಎಂಟು ತಿಂಗಳು ಎಣ್ಣಿ ತಿಕ್ಕಕೋತ ಕುಂತಿದ್ದೆ.