ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದೆ, ಬಿಸಿಯಾದ ಮೇಲೆ ರೇಸ್ ಇಳಿಯುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಟೂ ಸ್ಟ್ರೋಕ್ ಗೇರ್ ಸ್ಕೂಟರ್. ವೆಸ್ಪಾ ಮಾದರಿಯ ಎಂಜಿನ್, ಪಾಯಿಂಟ್ ಇಗ್ನಿಷನ್ (ಪಾಯಿಂಟ್ ತೆರೆದಾಗ ಪ್ಲಗ್ಗಿಗೆ ಕಿಡಿ ಬರುವಂಥದ್ದು). ಬೋರು (ಸಿಲಿಂಡರಿನ ಒಳ ಅಗಲ) 57 ಮಿಮೀ, ಸ್ಟ್ರೋಕೂ (ಪಿಸ್ಟನ್ ಓಡಾಡುವ ದೂರ) 57 ಮಿಮೀ, ಅಂದರೆ 145 ಸಿಸಿ. ಒಂಬತ್ತು ವರ್ಷ ಮೂಲೆಯಲ್ಲಿ ನಿಂತಿತ್ತು. ಮೂರು ತಿಂಗಳಿಂದ ರಜೆ ಸಿಕ್ಕಾಗಲೆಲ್ಲ ಕೂತು ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದೇನೆ. ಲೇತ್ ಕೆಲಸ ಒಂದು ಬಿಟ್ಟು ಉಳಿದದ್ದೆಲ್ಲ ನಾನೇ ಮಾಡಿದ್ದು.

ಬೋರಿನಲ್ಲಿ ಉದ್ದಕ್ಕೆ ಗೀರು ಬಿದ್ದಿತ್ತು. 0.5 ಮಿಮೀ ದೊಡ್ಡ ಪಿಸ್ಟನ್ ಮೊದಲು ತಂದು, ಅದನ್ನು ಅಳೆದೇ ಬೋರ್ ಮಾಡಿಸಿದೆ. ಬೋರ್ ಆದ ಮೇಲೆ ಪೋರ್ಟಿನ (ಸಿಲಿಂಡರ್ ಗೋಡೆಯಲ್ಲಿರುವ ಗಾಳಿ ದಾರಿಯ) ಅಂಚುಗಳು ಬ್ಲೇಡಿನ ಹಾಗೆ ಚೂಪಾಗಿದ್ದವು. ರಿಂಗು ಸಿಕ್ಕಿಕೊಳ್ಳಬಾರದು ಅಂತ ಸಣ್ಣ ಅರದಿಂದ ಸವರಿದೆ. ಬರೀ ರಿಂಗನ್ನು ಬೋರಿಗೆ ಹಾಕಿ, ಪಿಸ್ಟನ್‌ನಿಂದ ನೆಟ್ಟಗೆ ತಳ್ಳಿ ಫೀಲರ್ ಗೇಜಿನಲ್ಲಿ ನೋಡಿದೆ. ಗ್ಯಾಪ್ 0.3 ಮಿಮೀ ಬಂತು. ಪಿಸ್ಟನ್ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೇ ಇದೆ. ಬೇರಿಂಗು, ಕ್ರ್ಯಾಂಕಿನ ಎರಡೂ ಆಯಿಲ್ ಸೀಲು, ಪ್ಯಾಕಿಂಗು, ಸರ್ಕ್ಲಿಪ್ ಎಲ್ಲ ಹೊಸದು.

ಎರಡನೇ ಕಿಕ್ಕಿಗೇ ಸ್ಟಾರ್ಟ್ ಆಯಿತು. ಆ ಸದ್ದು ಕೇಳಿ ಆದ ಖುಷಿ ಹೇಳಲಿಕ್ಕಾಗದು. ತಣ್ಣಗಿರುವಾಗ ಐಡ್ಲಿಂಗ್ ಚೆನ್ನಾಗಿದೆ. ಹತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ತೊಂದರೆ ಶುರು. ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಕೆಲವು ಸಲ ತಾನಾಗಿಯೇ ಏರುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಸುಣ್ಣ ಬಳಿದಂತೆ ಬೆಳ್ಳಗೆ. ಪೆಟ್ರೋಲು ಸಾಲುತ್ತಿಲ್ಲ ಅಂದುಕೊಂಡು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬಿಡುವ ಮೇನ್ ಜೆಟ್ಟನ್ನು 100ರಿಂದ 106ಕ್ಕೆ ಏರಿಸಿದೆ. ಓಡಿಸುವಾಗ ಸ್ವಲ್ಪ ವಾಸಿ ಅನಿಸಿತು, ಐಡ್ಲಿಂಗ್ ಮಾತ್ರ ಹಾಗೇ ಇದೆ. ಇನ್ನೂ ದೊಡ್ಡ ಜೆಟ್ ಹಾಕಬೇಕಾ? ಇಷ್ಟು ಕಷ್ಟಪಟ್ಟು ಹಾಕಿದ ಪಿಸ್ಟನ್ ಸೀಝ್ ಆಗಿಬಿಟ್ಟರೆ (ಬಿಸಿಗೆ ಬೋರಿನಲ್ಲಿ ಕಚ್ಚಿಕೊಂಡುಬಿಟ್ಟರೆ) ಅನ್ನುವುದೇ ನನ್ನ ಚಿಂತೆ.

ಉತ್ತರ 1

ಮೊದಲು ಆಕ್ಸಿಲರೇಟರ್ ಕೇಬಲ್ ನೋಡಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ರೇಸ್ ಬದಲಾಗುತ್ತದಾ? ಕಾರ್ಬ್ಯುರೇಟರಿನ ಸ್ಲೈಡ್ ತಳದವರೆಗೂ ಬಂದು ಕೂರುತ್ತದಾ? ಹೊಸ ಬೋರು ಅಲ್ವಾ, ಆಯಿಲ್ ಜಾಸ್ತಿ ಹಾಕಿ ಓಡಿಸಿ. ಪೆಟ್ರೋಲಿಗೆ ಶೇಕಡಾ 2ರ ಬದಲು 4 ಹಾಕಿದರೆ ಸೀಝ್ ಭಯ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಕೇಬಲ್ಲಿಗೆ ಸಾಕಷ್ಟು ಸಡಿಲು ಬಿಟ್ಟಿದ್ದೇನೆ. ಹ್ಯಾಂಡಲ್ ತಿರುಗಿಸಿದರೆ ಏನೂ ಬದಲಾಗುವುದಿಲ್ಲ. ಸ್ಲೈಡ್ ಟಕ್ ಅಂತ ಕೂರುತ್ತದೆ. ಆಯಿಲ್ ಈಗಾಗಲೇ 4 ಹಾಕುತ್ತಿದ್ದೇನೆ.

ಉತ್ತರ 2

ದಯವಿಟ್ಟು ಜೆಟ್ ಮುಟ್ಟಬೇಡಿ. ಇದನ್ನು ಸರಿ ಮಾಡುವವರೆಗೆ ಸ್ಕೂಟರ್ ಓಡಿಸಲೂಬೇಡಿ. ನೀವು ಹೇಳಿದ್ದೆಲ್ಲ ಕೂಡಿಸಿದರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಅನಿಸುತ್ತದೆ.

ಒಂದು ಕೆಲಸ ನೆನಪು ಮಾಡಿಕೊಳ್ಳಿ. ಎಂಜಿನ್ ಓಡುತ್ತಿರುವಾಗ ಪೆಟ್ರೋಲ್ ಕಾಕ್ ಮುಚ್ಚಿ ಸುಮ್ನೆ ನಿಂತಿದ್ದೀರಾ? ಕಾರ್ಬ್ಯುರೇಟರಿನ ಬೌಲಿನಲ್ಲಿರುವ ಪೆಟ್ರೋಲು ಮುಗಿಯುತ್ತಾ ಬಂದ ಹಾಗೆ ರೇಸ್ ಒಮ್ಮೆ ಏರಿ, ಆಮೇಲೆ ಆಫ್ ಆಗುತ್ತದೆ. ಪೆಟ್ರೋಲು ಕಡಿಮೆಯಾಗಿ ಗಾಳಿ ಜಾಸ್ತಿಯಾದಾಗ ಬರುವ ಸದ್ದು ಅದು. ನಿಮ್ಮ ಎಂಜಿನ್ ಬಿಸಿಯಾದ ಮೇಲೆ ಮಾಡುತ್ತಿರುವುದೂ ಅದೇ ಸದ್ದು.

ಫೋರ್ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸು ಬರೀ ಆಯಿಲ್ ಇರುವ ಜಾಗ. ಟೂ ಸ್ಟ್ರೋಕಿನಲ್ಲಿ ಅದೇ ಪಂಪು. ಪಿಸ್ಟನ್ ಮೇಲೆ ಹೋದಾಗ ಕೇಸಿನೊಳಗೆ ಎಳೆತ ಬರುತ್ತದೆ, ಕೆಳಗೆ ಬಂದಾಗ ಒತ್ತಡ. ಕೇಸಿಗೆ ಸೂಜಿ ಮೊನೆಯಷ್ಟು ದಾರಿ ಸಿಕ್ಕರೂ ಕಾರ್ಬ್ಯುರೇಟರ್ ದಾಟದ ಗಾಳಿ ಒಳಗೆ ಬರುತ್ತದೆ. ಆ ಗಾಳಿಯಲ್ಲಿ ಪೆಟ್ರೋಲೂ ಇಲ್ಲ, ಆಯಿಲ್ಲೂ ಇಲ್ಲ. ಪಿಸ್ಟನ್ನಿಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ ಅಲ್ವಾ? ಒಂದೇ ಸಲಕ್ಕೆ ಬಿಸಿಯೂ ಏರುತ್ತದೆ, ಜಿಡ್ಡೂ ಕಡಿಮೆಯಾಗುತ್ತದೆ. ಸೀಝ್ ಆಗುವುದು ಹೀಗೇ.

ನೀವು ಹಾಕಿದ 106 ಜೆಟ್ಟಿನ ತೂತು 1.06 ಮಿಮೀ, ಹಳೆಯದು 1.00 ಮಿಮೀ. ಲೆಕ್ಕ ಹಾಕಿದರೆ ತೂತಿನ ವಿಸ್ತೀರ್ಣ ಸುಮಾರು ಶೇಕಡಾ 12ರಷ್ಟು ಜಾಸ್ತಿ. ಅಷ್ಟು ಏರಿಸಿದರೂ ಐಡ್ಲಿಂಗ್ ಬದಲಾಗದಿದ್ದದ್ದು ಸಹಜ. ಐಡ್ಲಿಂಗಿನಲ್ಲಿ ಪೆಟ್ರೋಲು ಕೊಡುವುದು ಪೈಲಟ್ ಜೆಟ್. ಮೇನ್ ಜೆಟ್ಟಿಗೆ ಅಲ್ಲಿ ಕೆಲಸವೇ ಇಲ್ಲ.

ಆಯಿಲ್ ವಿಷಯದಲ್ಲಿ ಮೇಲಿನವರ ಮಾತು ನಾನು ಒಪ್ಪುವುದಿಲ್ಲ. ಅದೇ ಜೆಟ್ಟಿನ ತೂತಿನಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲು ಅಷ್ಟು ಕಡಿಮೆ ಹೋಗುತ್ತದೆ. ಗಾಳಿ ಜಾಸ್ತಿಯಾಗಿರುವ ಎಂಜಿನ್ನಿಗೆ ಅದು ಇನ್ನೂ ಕೆಟ್ಟದ್ದು. ಪುಸ್ತಕದಲ್ಲಿ ಶೇಕಡಾ 2 ಅಂತಿದ್ದರೆ ಲೀಟರಿಗೆ 20 ಮಿಲೀ, ಒಳ್ಳೇ ಟೂ ಸ್ಟ್ರೋಕ್ ಆಯಿಲ್ ಸಾಕು.

ಈಗ ಪ್ರೆಶರ್ ಟೆಸ್ಟ್ ಮಾಡಿ. ಮನೆಯಲ್ಲೇ ಆಗುತ್ತದೆ. ಸೈಲೆನ್ಸರ್ ಬಿಚ್ಚಿ, ಎಕ್ಸಾಸ್ಟ್ ಬಾಯಿಗೆ ಹಳೇ ಸೈಕಲ್ ಟ್ಯೂಬಿನ ತುಂಡಿಟ್ಟು ಬಿಗಿಯಾಗಿ ಮುಚ್ಚಿ. ಕಾರ್ಬ್ಯುರೇಟರ್ ತೆಗೆದು ಆ ಬಾಯನ್ನೂ ಹಾಗೇ ಮುಚ್ಚಿ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದರೆ ಥ್ರೆಡ್ ಇರುವ ಚಿಪ್ಪು ಉಳಿಯುತ್ತದೆ. ಅದಕ್ಕೆ ನಳಿಕೆ ಅಂಟಿಸಿ ಪ್ಲಗ್ ಜಾಗದಲ್ಲಿ ಕೂರಿಸಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಪೋರ್ಟುಗಳು ತೆರೆದಿದ್ದು ಗಾಳಿ ಕೇಸಿಗೂ ಹೋಗುತ್ತದೆ. ಪಂಪಿಗೆ ಬಿ.ಪಿ. ನೋಡುವ ಸಾಧನದ ರಬ್ಬರ್ ಬುಡ್ಡಿ ಮತ್ತು ಗಡಿಯಾರ ಬಳಸಿ, ಅದಕ್ಕಿಂತ ಒಳ್ಳೆಯದಿಲ್ಲ. 300ರ ಗೆರೆ ಅಂದರೆ 0.4 ಬಾರ್. ಅದಕ್ಕಿಂತ ಮೇಲೆ ಹೋಗಬೇಡಿ, ಸೀಲಿನ ತುಟಿ ಮಗುಚಿಬಿಡಬಹುದು. ಸೈಕಲ್ ಪಂಪಂತೂ ಬೇಡವೇ ಬೇಡ. ಐದು ನಿಮಿಷ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು.

ನಿಲ್ಲದಿದ್ದರೆ ಸೋಪಿನ ನೀರು ಬ್ರಶ್ಶಿನಿಂದ ಹಚ್ಚುತ್ತಾ ಬನ್ನಿ. ಹೆಡ್ಡು, ಸಿಲಿಂಡರ್ ಬುಡ, ಕೇಸಿನ ಜೋಡಣೆ. ಆಮೇಲೆ ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಅಯಸ್ಕಾಂತದ ಚಕ್ರ) ತೆಗೆದು ಅದರ ಹಿಂದಿನ ಸೀಲು. ಮ್ಯಾಗ್ನೆಟ್ಟಿಗೆ ಪುಲ್ಲರ್ ಹಾಕಿ, ಸುತ್ತಿಗೆ ಬೇಡ. ಒಳಗಿನ ಕಾಯಿಲ್ ಪ್ಲೇಟ್ ಬಿಚ್ಚುವ ಮೊದಲು ಪ್ಲೇಟಿಗೂ ಕೇಸಿಗೂ ಸೇರಿಸಿ ಒಂದು ಗೆರೆ ಎಳೆದಿಡಿ, ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ತಪ್ಪಬಾರದು. ಕ್ಲಚ್ ಕಡೆಯ ಸೀಲು ಹೊರಗಿನಿಂದ ಕಾಣುವುದಿಲ್ಲ. ಗೇರ್ ಆಯಿಲ್ ಹಾಕುವ ತೂತಿನ ಬಾಯಿಗೆ ಸೋಪಿನ ಪೊರೆ ಕಟ್ಟಿ. ಪೊರೆ ಉಬ್ಬಿದರೆ ಆ ಸೀಲು ಹೋಗಿದೆ.

ಉತ್ತರ 3

ಇದಕ್ಕೆ ನನ್ನ ಅನುಭವ ಸೇರಿಸುತ್ತೇನೆ. ನನ್ನ ಸ್ಕೂಟರಿನಲ್ಲಿ ಕ್ಲಚ್ ಕಡೆಯ ಸೀಲು ಹೋಗಿತ್ತು. ಆದರೆ ಲಕ್ಷಣ ಬೇರೆ. ಗೇರ್ ಆಯಿಲ್ಲನ್ನೇ ಎಂಜಿನ್ ಎಳೆದುಕೊಂಡು ಸುಡುತ್ತಿತ್ತು. ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಬಿಳಿ ಹೊಗೆ, ಪ್ಲಗ್ ಕಪ್ಪಗೆ ಒದ್ದೆ. ನಿಮ್ಮ ಪ್ಲಗ್ ಬೆಳ್ಳಗಿದೆ, ಹೊಗೆಯ ಮಾತೂ ಇಲ್ಲ. ಹಾಗಾಗಿ ಮ್ಯಾಗ್ನೆಟ್ ಕಡೆಯದ್ದೇ ಮೊದಲು ನೋಡಿ.

ಪ್ರಶ್ನೆ ಕೇಳಿದವರು

ಸಿಕ್ಕಿತು! ಎಲ್ಲರಿಗೂ ತುಂಬಾ ಥ್ಯಾಂಕ್ಸ್.

300ಕ್ಕೆ ಏರಿಸಿದ ಮುಳ್ಳು 40 ಸೆಕೆಂಡಿಗೆ 100ಕ್ಕೆ ಬಂತು. ಹೆಡ್ಡು, ಬುಡ, ಜೋಡಣೆ ಎಲ್ಲೂ ಗುಳ್ಳೆ ಇಲ್ಲ. ಮ್ಯಾಗ್ನೆಟ್ ತೆಗೆದು ಸೀಲಿಗೆ ಸೋಪಿನ ನೀರು ಹಚ್ಚಿದೆ. ಕ್ರ್ಯಾಂಕಿನ ಮೇಲ್ಭಾಗದಲ್ಲಿ, ಒಂದೇ ಜಾಗದಲ್ಲಿ, ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಬರತೊಡಗಿದವು. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಸುಸ್ ಅನ್ನುವ ಸದ್ದೂ ಕೇಳಿತು.

ಸೀಲನ್ನು ಹೊರಗೆ ಎಳೆದು ಬೆಳಕಿಗೆ ಹಿಡಿದೆ. ಒಳಗಿನ ತುಟಿಯಲ್ಲಿ ಉಗುರಿನ ತುದಿಯಷ್ಟು ಕಡಿತ. ಎಲ್ಲಿಂದ ಬಂತು ಅಂತ ಕ್ರ್ಯಾಂಕಿನ ಮೂತಿಯ ಮೇಲೆ ಬೆರಳಾಡಿಸಿದೆ. ಮ್ಯಾಗ್ನೆಟ್ ಕೀ ಕೂರುವ ಕಚ್ಚಿನ ಅಂಚು ಕೈಗೆ ಚುಚ್ಚಿತು. ಸೀಲು ಕೂರಿಸುವಾಗ ಒಣಗಿದ್ದದ್ದನ್ನು ಆ ಅಂಚಿನ ಮೇಲೇ ಜಾರಿಸಿದ್ದೆ. ಹೊಸ ಸೀಲು ಅಂತ ನಂಬಿಕೊಂಡಿದ್ದೆ, ಹಾಕುವಾಗಲೇ ಹರಿದಿದೆ.

ಈ ಸಲ ಕಚ್ಚಿನ ಅಂಚನ್ನು ನಯವಾದ ಎಮರಿ ಕಾಗದದಿಂದ ಸವರಿ, ಒರೆಸಿದೆ. ಕ್ರ್ಯಾಂಕಿನ ಮೂತಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಸೀಲಿನ ತುಟಿಗೆ ಟೂ ಸ್ಟ್ರೋಕ್ ಆಯಿಲ್ ಹಚ್ಚಿ ನಿಧಾನಕ್ಕೆ ಜಾರಿಸಿದೆ. ಕೂತ ಮೇಲೆ ಹಾಳೆ ಎಳೆದುಕೊಂಡೆ. ಮತ್ತೆ ಟೆಸ್ಟ್ ಮಾಡಿದಾಗ ಐದು ನಿಮಿಷಕ್ಕೆ 300ರಿಂದ 290. ಮೇನ್ ಜೆಟ್ 100ಕ್ಕೆ ವಾಪಸ್, ಆಯಿಲ್ ಶೇಕಡಾ 2. ಬಿಸಿಯಾದ ಮೇಲೂ ಆಕ್ಸಿಲರೇಟರ್ ಬಿಟ್ಟ ಕೂಡಲೇ ರೇಸ್ ಇಳಿಯುತ್ತಿದೆ.

ಇನ್ನು ಟ್ಯೂನಿಂಗ್ ಎಲ್ಲಿಂದ ಶುರು ಮಾಡಲಿ?

ಉತ್ತರ 2

ತುಂಬಾ ಸಂತೋಷ. ಹಳೇ ಸೀಲನ್ನು ಬಿಸಾಡಬೇಡಿ, ಮುಂದೆ ಯಾರಿಗಾದರೂ ತೋರಿಸಲು ಬೇಕಾಗುತ್ತದೆ.

ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್, ಕೊನೆಗೆ ಕಾರ್ಬ್ಯುರೇಟರ್. ಇದೇ ಕ್ರಮದಲ್ಲಿ ಮಾಡಿ, ಏಕೆಂದರೆ ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಟೈಮಿಂಗ್ ನಿಮ್ಮ ಮಾದರಿಯ ಪುಸ್ತಕದಲ್ಲಿ ಇರುವ ಡಿಗ್ರಿಗೇ ಇಡಿ. ಪಿಕಪ್ ಸಿಗಲಿ ಅಂತ ಅಡ್ವಾನ್ಸ್ ಮಾಡಿದರೆ (ಕಿಡಿ ಬೇಗ ಹಾರುವ ಹಾಗೆ ಇಟ್ಟರೆ) ಹೆಡ್ಡು ಬಿಸಿಯಾಗುತ್ತದೆ, ಹೊಸ ಪಿಸ್ಟನ್ನಿಗೆ ಅದು ಒಳ್ಳೆಯದಲ್ಲ.

ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ಹಾಕಿ, ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಕಾಲು ಸುತ್ತು ಆಚೆ ಈಚೆ ತಿರುಗಿಸುತ್ತಾ, ಪ್ರತಿ ಸಲ ಹತ್ತು ಸೆಕೆಂಡ್ ಕಾದು ಕಿವಿಗೊಡಿ. ರೇಸ್ ಅತಿ ಜಾಸ್ತಿಯಾಗುವ ಜಾಗ ಸಿಕ್ಕಿದ ಮೇಲೆ ಪೆಟ್ರೋಲು ಜಾಸ್ತಿಯಾಗುವ ಕಡೆಗೆ ಒಂದಿಷ್ಟೇ ತಿರುಗಿಸಿ ಬಿಡಿ.

ಮೇನ್ ಜೆಟ್ ಸರಿಯಾ ಅಂತ ನೋಡಲು ಪ್ಲಗ್ ಓದಬೇಕು, ಅಂದರೆ ಅದರ ಬಣ್ಣ ನೋಡಬೇಕು. ಆದರೆ ಅದಕ್ಕೆ ಫುಲ್ ಥ್ರಾಟಲ್ ಬೇಕು, ಹಾಗಾಗಿ ಈಗ ಬೇಡ. ಮೊದಲ ಕೆಲವು ನೂರು ಕಿಲೋಮೀಟರ್ ಒಂದೇ ವೇಗದಲ್ಲಿ ಎಳೆಯದೆ ಏರಿಸಿ ಇಳಿಸಿ ಓಡಿಸಿ. ಇಳಿಜಾರಿನಲ್ಲಿ ಎಚ್ಚರ. ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಬರುವುದಿಲ್ಲ, ಅಂದರೆ ಆಯಿಲ್ಲೂ ಬರುವುದಿಲ್ಲ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡಿ.

ಪ್ರಶ್ನೆ ಕೇಳಿದವರು

ಇಳಿಜಾರಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಪಾಯಿಂಟ್ ಗ್ಯಾಪ್ ಇವತ್ತೇ ನೋಡಿದೆ, ಪುಸ್ತಕದಲ್ಲಿ ಇರುವುದಕ್ಕಿಂತ ಕಡಿಮೆ ಇತ್ತು, ಸರಿ ಮಾಡಿದೆ. ಮಿಕ್ಸ್ಚರ್ ಸ್ಕ್ರೂ ಒಂದು ಮುಕ್ಕಾಲು ಸುತ್ತಿಗೆ ನಿಂತಿದೆ. ಐಡ್ಲಿಂಗ್‌ನಲ್ಲಿ ಬಿಟ್ಟು ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ, ಒಂದೇ ಸಮ ಓಡುತ್ತಿದೆ. 300 ಕಿಲೋಮೀಟರ್ ಆದ ಮೇಲೆ ಪ್ಲಗ್ಗಿನ ಫೋಟೋ ಇಲ್ಲೇ ಹಾಕುತ್ತೇನೆ.