ವೇಪ್ ಲಿಕ್ವಿಡ್‌ಗೆ ಎರಿಥ್ರಿಟಾಲ್ ಹಾಕಿ ನೋಡಿದವರು ಯಾರಾದ್ರೂ ಇದ್ದೀರಾ?

ಪ್ರಶ್ನೆ, ಲೆಸ್ಟರ್‌ನಿಂದ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಸಿಗರೇಟ್ ಸೇದಿದವನು ನಾನು. ಬಿಟ್ಟು ಮೂರು ವರ್ಷ ಆಯಿತು, ಈಗ ವೇಪ್, ಅಂದರೆ ಇ-ಸಿಗರೇಟ್ ಮಾತ್ರ. ಒಂದೂವರೆ ವರ್ಷದಿಂದ ಅದಕ್ಕೆ ತುಂಬುವ ಲಿಕ್ವಿಡ್ ಮನೆಯಲ್ಲೇ ಕಲಸಿಕೊಳ್ಳುತ್ತೇನೆ. ದುಡ್ಡು ಉಳಿಯುತ್ತದೆ. ಭಾನುವಾರ ಕೂತು ತೂಗಿ, ಅಳೆದು, ಕಲಸುವುದು ಒಂಥರಾ ಖುಷಿ ಕೂಡ. 2026ರ ಅಕ್ಟೋಬರ್ 1ರಿಂದ ಇಲ್ಲಿ ಬ್ರಿಟನ್‌ನಲ್ಲಿ 10 ಎಂಎಲ್ ಲಿಕ್ವಿಡ್‌ಗೆ 2.20 ಪೌಂಡ್ ಸುಂಕ ಅಂತ ಸರ್ಕಾರ ಹೇಳಿದ ಮೇಲಂತೂ ಉಳಿತಾಯದ ಯೋಚನೆ ಇನ್ನೂ ಜಾಸ್ತಿ ಆಗಿದೆ.

ತೊಂದರೆ ಇರುವುದು ಸಿಹಿಯದ್ದು. ನನ್ನ ಮಾವಿನಹಣ್ಣಿನ ಲಿಕ್ವಿಡ್‌ಗೆ ಸುಕ್ರಲೋಸ್ ಅನ್ನುವ ಕೃತಕ ಸಿಹಿ ಹಾಕುತ್ತೇನೆ. ಹಾಕಿದರೆ ಅಂಗಡಿಯದರ ಹಾಗೇ ತುಟಿಗೆ ಸಿಹಿ ಅಂಟುತ್ತದೆ. ಆದರೆ ಕಾಯಿಲ್ (ಲಿಕ್ವಿಡ್ ಕಾಯಿಸುವ, ಹತ್ತಿ ತುಂಬಿದ ತಂತಿ ಸುರುಳಿ) ನಾಲ್ಕೇ ದಿನಕ್ಕೆ ಕರಕಲು. ಬಿಚ್ಚಿ ನೋಡಿದರೆ ಬೆಲ್ಲದ ಪಾಕ ತಳ ಹಿಡಿದ ಹಾಗೆ ಹತ್ತಿಯ ಮೇಲೆ ಕಪ್ಪು ಪದರ. ಒಂದು ಕಾಯಿಲ್‌ಗೆ ಮೂರು ಪೌಂಡ್. ಅಲ್ಲಿ ಉಳಿಸಿದ್ದು ಇಲ್ಲಿ ಹೋಗುತ್ತಿದೆ.

ನಮ್ಮ ಮಾವನವರಿಗೆ ಶುಗರ್. ಅವರು ಬಂದಾಗ ಕಾಫಿಗೆ ಸಕ್ಕರೆ ಬದಲು ಅಂತ ತಂದಿಟ್ಟ ಎರಿಥ್ರಿಟಾಲ್ ಪ್ಯಾಕೆಟ್ ಅಡುಗೆಮನೆಯಲ್ಲಿ ಹಾಗೇ ಇದೆ. ಅದು ಸಕ್ಕರೆ ಆಲ್ಕೋಹಾಲ್, ಸಕ್ಕರೆಯ ಹಾಗೆ ಕರಕಲಾಗುವುದಿಲ್ಲ ಅಂತ ಓದಿದೆ. ಹಾಕಬಹುದಾ? ಎಷ್ಟು? ಹಾಕಿ ನೋಡಿದವರು ಹೇಳಿ. ವೇಪ್ ಬಿಡು ಅನ್ನುವ ಬುದ್ಧಿವಾದ ಮನೆಯಲ್ಲೇ ಬೇಕಾದಷ್ಟು ಸಿಗುತ್ತಿದೆ.

ಬೋಲ್ಟನ್‌ನಿಂದ

ಹಾಕಿ ನೋಡಿದವನು ನಾನಿದ್ದೇನೆ ಗುರುಗಳೇ. ಎರಡು ತಿಂಗಳು ಇದೇ ಕೆಲಸ ಮಾಡಿದ್ದೇನೆ. ಕೇಳಿ.

ಮೊದಲು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದೆ. 5 ಗ್ರಾಂ ಪುಡಿ, 45 ಗ್ರಾಂ ಪಿಜಿ (ಪ್ರೊಪಿಲೀನ್ ಗ್ಲೈಕಾಲ್, ಲಿಕ್ವಿಡ್‌ನ ಮೂಲ ದ್ರವಗಳಲ್ಲಿ ಒಂದು). ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಅಲ್ಲಾಡಿಸಿದೆ. ಅರ್ಧ ಗಂಟೆಗೆ ತಿಳಿಯಾಯಿತು. ಎಷ್ಟು ಸುಲಭ ಅಂದುಕೊಂಡು ಕಿಟಕಿ ಪಕ್ಕದ ಶೆಲ್ಫ್‌ನಲ್ಲಿ ಇಟ್ಟು ಮಲಗಿದೆ. ಜನವರಿ ತಿಂಗಳು. ಬೆಳಿಗ್ಗೆ ಎದ್ದು ನೋಡಿದರೆ ಬಾಟಲಿ ತಳದಲ್ಲಿ ಬೆರಳಿನಷ್ಟು ದಪ್ಪ ಕಲ್ಲುಸಕ್ಕರೆ! ಎರಿಥ್ರಿಟಾಲ್ ನೀರಲ್ಲಿ ಚೆನ್ನಾಗಿ ಕರಗುತ್ತದೆ, ಪಿಜಿಯಲ್ಲಿ ಅಷ್ಟು ಕರಗುವುದಿಲ್ಲ. ಬಿಸಿಯಲ್ಲಿ ಕರಗಿದ ಹಾಗೆ ನಾಟಕ ಮಾಡುತ್ತದೆ, ತಣ್ಣಗಾದರೆ ಹೊರಗೆ ಬಂದು ಕೂರುತ್ತದೆ.

ಎರಡನೇ ಸಲ ಅರ್ಧ ಡಿಸ್ಟಿಲ್ಡ್ ವಾಟರ್, ಅರ್ಧ ಪಿಜಿ. ಅದು ನಿಂತಿತು. ಅದನ್ನು ಲಿಕ್ವಿಡ್‌ಗೆ ನೂರಕ್ಕೆ ಒಂದು ಪಾಲು ಹಾಕಿದೆ. ಏನೂ ಗೊತ್ತಾಗಲಿಲ್ಲ. ಮೂರು ಪಾಲು. ಇಲ್ಲ. ಎಂಟು ಪಾಲು ಹಾಕಿದಾಗ ಇರಬಹುದೇನೋ ಅನ್ನಿಸಿತು. ಅಷ್ಟರಲ್ಲಿ ಲಿಕ್ವಿಡ್‌ಗೆ ನೀರು ಜಾಸ್ತಿಯಾಗಿ ಕಾಯಿಲ್ ಒಗ್ಗರಣೆ ಸಿಡಿದ ಹಾಗೆ ಚಟಪಟ ಅನ್ನತೊಡಗಿತು. ಎರಡು ಸಲ ಬಿಸಿ ಹನಿ ನಾಲಿಗೆಗೇ ಬಂತು.

ನಮ್ಮ ಮನೆಯವಳು ಒಂದು ಪರೀಕ್ಷೆ ಇಟ್ಟಳು. ಮೂರು ಬಾಟಲಿ: ಸಿಹಿ ಇಲ್ಲದ್ದು, ಎರಿಥ್ರಿಟಾಲ್‌ದು, ಸುಕ್ರಲೋಸ್‌ದು. ತಳಕ್ಕೆ ಚೀಟಿ ಅಂಟಿಸಿ ಅದಲು ಬದಲು ಮಾಡಿ ಕೊಟ್ಟಳು. ಸುಕ್ರಲೋಸ್ ಕಣ್ಣು ಮುಚ್ಚಿ ಹೇಳಿದೆ. ಉಳಿದ ಎರಡರಲ್ಲಿ ಯಾವುದು ಯಾವುದು ಅಂತ ಆರು ಸಲ ಕೇಳಿದಳು, ಮೂರು ಸಲ ತಪ್ಪು. ನಾಣ್ಯ ಚಿಮ್ಮಿದರೂ ಅಷ್ಟೇ ಸರಿ ಬರುತ್ತಿತ್ತು.

ಕಾಯಿಲ್ ಬಗ್ಗೆ ನ್ಯಾಯವಾಗಿ ಹೇಳಬೇಕು. ಒಂಬತ್ತು ದಿನ ಬಂತು. ಕಪ್ಪು ಕಟ್ಟಿದ್ದು ಕಡಿಮೆ. ಆದರೆ ಟ್ಯಾಂಕ್ ಬಿಚ್ಚುವಾಗ ತಿರುಪಿನ ಸುತ್ತ ಬಿಳಿ ತರಿ. ಉಪ್ಪು ನೀರು ಒಣಗಿದ ಹಾಗೆ.

ಇನ್ನೊಂದು. ಪ್ಯಾಕೆಟ್ ಹಿಂಭಾಗ ಓದಿ. ಅಡುಗೆಗೆ ಸಿಗುವ ಎಷ್ಟೋ ಪ್ಯಾಕೆಟ್‌ಗಳಲ್ಲಿ ಎರಿಥ್ರಿಟಾಲ್ ಜೊತೆ ಸ್ಟೀವಿಯಾ (ಒಂದು ಗಿಡದ ಎಲೆಯಿಂದ ತೆಗೆದ ಸಿಹಿ) ಸೇರಿಸಿರುತ್ತಾರೆ. ನನ್ನ ಮೊದಲ ಪ್ಯಾಕೆಟ್ ಅಂಥದ್ದೇ. ಮಾವಿನಹಣ್ಣಿನ ಲಿಕ್ವಿಡ್ ಹಾಗಲಕಾಯಿಗೆ ತಿರುಗಿತ್ತು.

ರೆಡಿಂಗ್‌ನಿಂದ

ನಾನು ವೇಪ್ ಮಾಡುವವಳಲ್ಲ. ಆದರೆ ಕೆಲಸ ತಿಂಡಿ ತಿನಿಸಿನ ಲ್ಯಾಬ್‌ನಲ್ಲಿ, ಸಿಹಿ ಅಳೆಯುವುದೇ ನನ್ನ ದಿನದ ಊಟ. ಬೋಲ್ಟನ್ ಅಣ್ಣನಿಗೆ ಯಾಕೆ ಏನೂ ಗೊತ್ತಾಗಲಿಲ್ಲ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಎರಿಥ್ರಿಟಾಲ್ ಸಕ್ಕರೆಗಿಂತ ಕಡಿಮೆ ಸಿಹಿ. ಸಕ್ಕರೆ 100 ಅಂದರೆ ಇದು 60ರಿಂದ 70. ಸುಕ್ರಲೋಸ್ ಸಕ್ಕರೆಯ ಸುಮಾರು 600 ಪಟ್ಟು. ಈಗ ನೀವು ಹತ್ತು ಪರ್ಸೆಂಟ್ ಸುಕ್ರಲೋಸ್ ದ್ರಾವಣವನ್ನು ಲಿಕ್ವಿಡ್‌ಗೆ ಅರ್ಧ ಪರ್ಸೆಂಟ್ ಹಾಕಿದಿರಿ ಅಂದುಕೊಳ್ಳಿ. ಕೊನೆಗೆ ಲಿಕ್ವಿಡ್‌ನಲ್ಲಿ ಸುಕ್ರಲೋಸ್ ಇರುವುದು 0.05 ಪರ್ಸೆಂಟ್. ಅಷ್ಟಕ್ಕೇ ಅದು 30 ಪರ್ಸೆಂಟ್ ಸಕ್ಕರೆಯಷ್ಟು ಸಿಹಿ. ಅದೇ ಸಿಹಿ ಎರಿಥ್ರಿಟಾಲ್‌ನಿಂದ ಬರಬೇಕಾದರೆ? ಹತ್ತಿರ ಹತ್ತಿರ 46 ಪರ್ಸೆಂಟ್ ಬೇಕು. ಬಾಟಲಿಯ ಅರ್ಧದಷ್ಟು ಪುಡಿ! ಅದು ಲಿಕ್ವಿಡ್ ಅಲ್ಲ, ಬರ್ಫಿ.

ಹೊಗೆಯಲ್ಲಿ ಸಿಹಿ ಗೊತ್ತಾಗುವುದು ನೀರಲ್ಲಿ ಕುಡಿದ ಹಾಗೇ ಅಲ್ಲ, ಒಪ್ಪುತ್ತೇನೆ. ಹನಿ ತುಟಿಗೂ ನಾಲಿಗೆಗೂ ತಗುಲಿದಷ್ಟೇ ಸಿಹಿ. ಆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ಇದಕ್ಕಿಂತ ಮಜಾ ಇನ್ನೊಂದಿದೆ. ನೀವು ಆಗಲೇ ಸಕ್ಕರೆ ಆಲ್ಕೋಹಾಲ್ ಹಾಕುತ್ತಿದ್ದೀರಿ. ಲಿಕ್ವಿಡ್‌ನ ಇನ್ನೊಂದು ಮೂಲ ದ್ರವ ವಿಜಿ ಅಂದರೆ ಗ್ಲಿಸರಿನ್, ಅಲ್ವಾ? ಅದೂ ಆ ಕುಟುಂಬದ್ದೇ. ಗ್ಲಿಸರಿನ್‌ಗೆ ಮೂರು ಇಂಗಾಲ, ಎರಿಥ್ರಿಟಾಲ್‌ಗೆ ನಾಲ್ಕು, ಕ್ಸೈಲಿಟಾಲ್‌ಗೆ ಐದು, ಸಾರ್ಬಿಟಾಲ್‌ಗೆ ಆರು. ಅಣ್ಣ ತಮ್ಮಂದಿರು. ನಾನು ಚಿಕ್ಕವಳಿದ್ದಾಗ ಬಾಯಿ ಹುಣ್ಣಾದರೆ ಅಜ್ಜಿ ಮೆಡಿಕಲ್ ಶಾಪಿನ ಗ್ಲಿಸರಿನ್ ಬಾಟಲಿ ತೆಗೆದು ಹತ್ತಿಯಲ್ಲಿ ಅದ್ದಿ ಹಚ್ಚುತ್ತಿದ್ದರು. ಆ ಸಿಹಿಗೆ ಆಸೆಪಟ್ಟು ಹುಣ್ಣು ವಾಸಿಯಾದ ಮೇಲೂ ನಾಲಿಗೆ ಚಾಚುತ್ತಿದ್ದೆ. ಗ್ಲಿಸರಿನ್ ಸಕ್ಕರೆಯ ಸುಮಾರು 60 ಪರ್ಸೆಂಟ್ ಸಿಹಿ. ನಿಮ್ಮ ಲಿಕ್ವಿಡ್‌ನಲ್ಲಿ ಅದು 70 ಪರ್ಸೆಂಟ್ ಇದೆ ಅಂದರೆ, ಅದೇ ಸಿಹಿಯ ಇನ್ನೊಂದು ಪುಡಿಯನ್ನು ಒಂದು ಪರ್ಸೆಂಟ್ ಹಾಕಿದರೆ ನಾಲಿಗೆಗೆ ಹೇಗೆ ತಿಳಿಯಬೇಕು? ಹೊಳೆಗೆ ಒಂದು ಲೋಟ ನೀರು ಹೊಯ್ದ ಹಾಗೆ.

ಕರಕಲಾಗುವುದಿಲ್ಲ ಅನ್ನುವುದು ಅಡುಗೆಮನೆಯ ಮಟ್ಟಿಗೆ ನಿಜ. ಎರಿಥ್ರಿಟಾಲ್ ಹಾಕಿದ ಬಿಸ್ಕೆಟ್ ಒವನ್‌ನಲ್ಲಿ ಕೆಂಪಗೆ ಆಗುವುದೇ ಇಲ್ಲ, ಬೆಳ್ಳಗೆ ಪೆಚ್ಚಾಗಿ ಕೂತಿರುತ್ತದೆ. ಆದರೆ ಅದು ಕುದಿಯುವುದು 330 ಡಿಗ್ರಿ ಹತ್ತಿರ. ಪಿಜಿ 188ಕ್ಕೆ, ಗ್ಲಿಸರಿನ್ 290ಕ್ಕೆ. ಹಾಗಾಗಿ ಉಳಿದದ್ದು ಆವಿಯಾಗಿ ಹೋದ ಹಾಗೆಲ್ಲ ಇದು ಹತ್ತಿಯಲ್ಲಿ ಸ್ವಲ್ಪ ಸ್ವಲ್ಪ ಉಳಿದುಕೊಳ್ಳಬಹುದು. ಬಿಳಿ ತರಿ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ.

ಸ್ಲೌನಿಂದ

ಎರಿಥ್ರಿಟಾಲ್ ಬಾಯಿಗೆ ತಣ್ಣಗೆ ಅನ್ನಿಸುತ್ತದೆ ಅಲ್ವಾ, ಅದನ್ನು ಹಾಕಿದರೆ ಐಸ್ ಮ್ಯಾಂಗೋ ಥರ ಬರಬಹುದಾ?

ರೆಡಿಂಗ್‌ನಿಂದ ಮತ್ತೆ

ಬರುವುದಿಲ್ಲ. ಹರಳು ಬಾಯಲ್ಲಿ ಕರಗುವಾಗ ಶಾಖ ಎಳೆದುಕೊಳ್ಳುತ್ತದೆ, ಅದಕ್ಕೆ ಆ ತಂಪು. ನಮ್ಮಮ್ಮನಿಗೆ ಅಂತ ಅದರಲ್ಲಿ ಒಂದು ಸಲ ಕೇಸರಿಬಾತ್ ಮಾಡಿದ್ದೆ. ಬಿಸಿಯಿದ್ದಾಗ ಚೆನ್ನಾಗಿತ್ತು. ಆರಿದ ಮೇಲೆ ಹಲ್ಲಿಗೆ ಕರಕರ ಸಿಕ್ಕಿ, ಪೆಪ್ಪರ್‌ಮಿಂಟ್ ಜೊತೆ ರವೆ ತಿಂದ ಹಾಗಿತ್ತು. ಮೊದಲೇ ದ್ರವದಲ್ಲಿ ಕರಗಿಸಿಬಿಟ್ಟರೆ ಆ ತಂಪು ಬಾಟಲಿಯಲ್ಲೇ ಮುಗಿದಿರುತ್ತದೆ.

ಬೆಂಗಳೂರಿನಿಂದ

ಊರಲ್ಲಿರುವವರು ಇದನ್ನು ಓದಿ ಶುರು ಮಾಡಬೇಡಿ ಅಂತ ಒಂದು ಮಾತು. ಇ-ಸಿಗರೇಟ್ ನಿಷೇಧ ಕಾಯ್ದೆ 2019ರಿಂದ ಇಡೀ ದೇಶಕ್ಕೆ ಇದೆ. ಕರ್ನಾಟಕದಲ್ಲಿ 2016ರಲ್ಲೇ ನಿಲ್ಲಿಸಿದ್ದರು. ತಯಾರಿಕೆ, ಮಾರಾಟ, ಆಮದು, ಸಾಗಾಟ ಎಲ್ಲ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷ ಜೈಲು, ಒಂದು ಲಕ್ಷ ದಂಡ, ಇಲ್ಲವೇ ಎರಡೂ ಆಗಬಹುದು. ನಮ್ಮ ಚಿಕ್ಕಪ್ಪನ ಮಗ ಬರ್ಮಿಂಗ್‌ಹ್ಯಾಂನಿಂದ ಮದುವೆಗೆ ಬಂದಾಗ ಬ್ಯಾಗಲ್ಲಿ ಇಟ್ಟುಕೊಂಡು ಬಂದು, ವಿಮಾನ ನಿಲ್ದಾಣದಲ್ಲಿ ಒಂದು ಗಂಟೆ ನಿಂತು ಎಲ್ಲ ಕೊಟ್ಟು ಬಂದ. ರಜಕ್ಕೆ ಬರುವವರು ಅಲ್ಲೇ ಬಿಟ್ಟು ಬನ್ನಿ.

ಡಬ್ಲಿನ್‌ನಿಂದ

ಎರಿಥ್ರಿಟಾಲ್ ಕೆಲಸ ಮಾಡಲಿಲ್ಲ ಅಂತ ಯಾರಾದರೂ ಕ್ಸೈಲಿಟಾಲ್ ಕಡೆ ಹೋಗುವ ಮುಂಚೆ: ಮನೆಯಲ್ಲಿ ನಾಯಿ ಇದ್ದರೆ ಬೇಡ. ಕ್ಸೈಲಿಟಾಲ್ ನಾಯಿಗೆ ವಿಷ. ಇನ್ಸುಲಿನ್ ಒಮ್ಮೆಲೇ ಏರಿ ಸಕ್ಕರೆ ಅಂಶ ಕುಸಿಯುತ್ತದೆ, ಲಿವರ್ ಕೂಡ ಕೆಡಬಹುದು. ನಮ್ಮ ಲ್ಯಾಬ್ರಡಾರ್ ಚೂಯಿಂಗ್ ಗಮ್ ಪೊಟ್ಟಣ ತಿಂದು ಎರಡು ರಾತ್ರಿ ಡ್ರಿಪ್ ಮೇಲಿತ್ತು. ನಿಕೋಟಿನ್ ಬಾಟಲಿಯೂ ಅಷ್ಟೇ, ನಾಯಿಗೂ ಮಕ್ಕಳಿಗೂ ಸಿಗದ ಕಡೆ ಬೀಗ ಹಾಕಿಡಿ.

ಗ್ಲಾಸ್ಗೋದಿಂದ

ಎದೆರೋಗದ ವಾರ್ಡ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಬುದ್ಧಿವಾದ ಬೇಡ ಅಂದಿದ್ದೀರಿ, ಹೇಳುವುದಿಲ್ಲ. ಸಿಗರೇಟ್ ಬಿಟ್ಟಿದ್ದಕ್ಕೆ ಶಭಾಶ್ ಅಂತಲೇ ಹೇಳುತ್ತೇನೆ. ಆದರೆ ಅಡುಗೆಮನೆ ಶೆಲ್ಫಿನಿಂದ ಟ್ಯಾಂಕ್‌ಗೆ ಏನನ್ನೇ ಹಾಕುವ ಮುಂಚೆ ಎರಡು ಕಥೆ ಕೇಳಿ.

ಅಮೆರಿಕದ ಮಿಸ್ಸೋರಿಯಲ್ಲಿ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಿಗೆ ಶ್ವಾಸಕೋಶದ ಸಣ್ಣ ನಾಳಗಳು ಮುಚ್ಚಿಕೊಳ್ಳುವ ಕಾಯಿಲೆ ಬಂದಿದ್ದು 2000ದಲ್ಲಿ ಬೆಳಕಿಗೆ ಬಂತು. ಕಾರಣ ಬೆಣ್ಣೆ ವಾಸನೆ ಕೊಡುವ ಡೈಅಸಿಟೈಲ್. ತಿನ್ನುವವರಿಗೆ ಏನೂ ಆಗಲಿಲ್ಲ, ಅದರ ಆವಿ ಉಸಿರಾಡಿದವರಿಗೆ ಆಯಿತು. ಬ್ರಿಟನ್‌ನಲ್ಲಿ ವೇಪ್ ಲಿಕ್ವಿಡ್‌ಗೆ ಅದನ್ನು 2016ರಿಂದ ಹಾಕುವಂತಿಲ್ಲ. ಆದರೆ ಕೇಕ್‌ಗೆ ಅಂತ ಮಾರುವ ಬೆಣ್ಣೆ ಎಸೆನ್ಸ್‌ಗೆ ಆ ನಿಯಮ ಇಲ್ಲ.

ಎರಡನೆಯದು ವಿಟಮಿನ್ ಇ ಅಸಿಟೇಟ್. ಮಾತ್ರೆಯಲ್ಲಿ ನುಂಗುತ್ತೇವೆ, ಮುಖಕ್ಕೆ ಹಚ್ಚುತ್ತೇವೆ. ಅದನ್ನೇ ಗಾಂಜಾ ಎಣ್ಣೆಯ ವೇಪ್ ಕಾರ್ಟ್ರಿಜ್‌ಗಳಲ್ಲಿ ಗಟ್ಟಿ ಮಾಡಲು ಬೆರೆಸಿದರು. ಅಮೆರಿಕದಲ್ಲಿ 2019ರಲ್ಲಿ ಶುರುವಾದ ಆ ಶ್ವಾಸಕೋಶದ ಗಾಯಕ್ಕೆ 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು. ಸತ್ತವರೇ 68.

ಎರಿಥ್ರಿಟಾಲ್ ಹಾಗೇ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಪ್ಯಾಕೆಟ್ ಮೇಲಿನ ಮುದ್ರೆ ಹೊಟ್ಟೆಯ ಮಟ್ಟಿಗೆ ಮಾತ್ರ. ಹೊಟ್ಟೆಗೆ ಹೋದದ್ದನ್ನು ಸೋಸಲು ಲಿವರ್ ಇದೆ, ಎದೆಗೆ ಹೋದದ್ದಕ್ಕೆ ಅಂಥ ಬಾಗಿಲು ಇಲ್ಲ. ಹಾಗಂತ ಸುಕ್ರಲೋಸ್ ಕೂಡ ಸಾಧು ಅಲ್ಲ. ಅದು ಕಾದಾಗ ಪಿಜಿ, ವಿಜಿ ಎರಡನ್ನೂ ಹೆಚ್ಚು ಒಡೆದು ಆಲ್ಡಿಹೈಡ್‌ಗಳನ್ನು (ಉಸಿರಿಗೆ ಕೆಡುಕಾದ ರಾಸಾಯನಿಕಗಳು) ಜಾಸ್ತಿ ಮಾಡುತ್ತದೆ ಅಂತ 2019ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ನಿಮ್ಮ ಕಾಯಿಲ್ ಕಪ್ಪಾದಾಗ ಕರಟಿದ ವಾಸನೆ ಬರುತ್ತದಲ್ಲ, ಆಮೇಲೂ ಇವತ್ತೊಂದು ದಿನ ನಡೆಯಲಿ ಅಂತ ಎಳೆಯಬೇಡಿ. ಮೂರು ಪೌಂಡ್ ಹೋದರೆ ಹೋಗಲಿ.

ಮತ್ತೆ, ಎಣ್ಣೆ ಆಧಾರದ ಯಾವ ಫ್ಲೇವರೂ ಬೇಡ. ಏಲಕ್ಕಿ ಎಣ್ಣೆ, ಪುದೀನ ಎಣ್ಣೆ ಯಾವುದೂ. ಒಬ್ಬ ಪುಣ್ಯಾತ್ಮ ಚಾಯ್ ಫ್ಲೇವರ್ ಮಾಡುತ್ತೇನೆ ಅಂತ ಏಲಕ್ಕಿ ಎಣ್ಣೆ ತೊಟ್ಟು ಹಾಕಿಕೊಂಡು ಮೂರು ವಾರ ಕೆಮ್ಮಿದ್ದು ನನಗೆ ಗೊತ್ತು. ಆ ಪುಣ್ಯಾತ್ಮ ನನ್ನ ಗಂಡ.

ಕೊವೆಂಟ್ರಿಯಿಂದ

ನಾನು ಸಿಹಿಕಾರಕ ಬಿಟ್ಟು ಎಥೈಲ್ ಮಾಲ್ಟಾಲ್‌ಗೆ ಬಂದೆ. ಇದು ನಾಲಿಗೆಯ ಸಿಹಿ ಅಲ್ಲ, ಮೂಗಿನ ಸಿಹಿ. ಬಾಟಲಿ ತೆರೆದರೆ ಜಾತ್ರೆಯ ಬಾಂಬೆ ಮಿಠಾಯಿ ವಾಸನೆ. ಹತ್ತು ಪರ್ಸೆಂಟ್ ದ್ರಾವಣ ಅರ್ಧ ಪರ್ಸೆಂಟ್ ಸಾಕು. ಜಾಸ್ತಿ ಹಾಕಿದರೆ ಬೇರೆ ಫ್ಲೇವರ್ ಎಲ್ಲ ಮಂಕಾಗುತ್ತದೆ. ನನ್ನ ಮಾವಿನಹಣ್ಣು ಎರಡು ವಾರ ಮಾಯವಾಗಿತ್ತು.

ಇನ್ನೊಂದು ನನ್ನ ಅನುಭವ. ನಮಗೆ ಸಿಹಿ ಸಾಲದು ಅನ್ನಿಸುವುದು ಸುಕ್ರಲೋಸ್ ಅಭ್ಯಾಸದಿಂದ. ಸಕ್ಕರೆ ಬಿಟ್ಟು ಕಾಫಿ ಕುಡಿದರೆ ಮೊದಲ ವಾರ ಕಷಾಯ, ಮೂರನೇ ವಾರಕ್ಕೆ ಬೀಜದ ರುಚಿ ಗೊತ್ತಾಗುತ್ತದೆ. ಹಾಗೇ ಇದೂ. ಒಂದು ಬಾಟಲಿ ಸಿಹಿ ಇಲ್ಲದೆ ಕಲಸಿ, ಎರಡು ವಾರ ಕತ್ತಲಲ್ಲಿ ಇಟ್ಟು ನೋಡಿ.

ಲೆಸ್ಟರ್‌ನಿಂದ, ಐದು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ.

ಬೋಲ್ಟನ್ ಅಣ್ಣನ ಬಾಟಲಿಯ ಕಥೆ ಓದಿದ ಮೇಲೂ ಮನಸ್ಸು ತಡೆಯಲಿಲ್ಲ. ಒಂದು ಚಮಚ ಎರಿಥ್ರಿಟಾಲ್ ಪಿಜಿಯಲ್ಲಿ ಕರಗಿಸಿ ಇಟ್ಟೆ. ಮರುದಿನ ನನಗೂ ಕಲ್ಲುಸಕ್ಕರೆ. ನೋಡಲು ಚಂದ ಇತ್ತು. ಲಿಕ್ವಿಡ್‌ಗೆ ಹಾಕಲಿಲ್ಲ, ಗ್ಲಾಸ್ಗೋ ಅಕ್ಕನ ಮಾತು ಕಿವಿಯಲ್ಲಿತ್ತು.

ಸುಕ್ರಲೋಸ್ ನಿಲ್ಲಿಸಿದೆ. ಮೊದಲ ಆರು ದಿನ ಬಿಸಿ ಗಾಳಿ ಎಳೆದ ಹಾಗಿತ್ತು, ಸಿಟ್ಟೂ ಬಂತು. ಎರಡನೇ ವಾರದ ಕೊನೆಗೆ ಒಂದು ಸಂಜೆ ಬಸ್ ಸ್ಟಾಪ್‌ನಲ್ಲಿ ನಿಂತಿದ್ದಾಗ ಮಾವಿನ ಸಿಪ್ಪೆಯ ಹತ್ತಿರದ ಆ ಹುಳಿ ವಾಸನೆ ಮೊದಲ ಸಲ ಗೊತ್ತಾಯಿತು. ಇಷ್ಟು ದಿನ ಅದು ಸಿಹಿಯ ಅಡಿಯಲ್ಲಿ ಮುಚ್ಚಿಹೋಗಿತ್ತು. ಈಗ ಫ್ಲೇವರನ್ನೂ 12 ಪರ್ಸೆಂಟ್‌ನಿಂದ 8ಕ್ಕೆ ಇಳಿಸಿದ್ದೇನೆ. ಈಗಿರುವ ಕಾಯಿಲ್‌ಗೆ ಇವತ್ತು ಹದಿಮೂರನೇ ದಿನ, ಹತ್ತಿ ಇನ್ನೂ ಚಹಾ ಬಣ್ಣದಲ್ಲಿದೆ.

ಎರಿಥ್ರಿಟಾಲ್ ಪ್ಯಾಕೆಟ್ ವಾಪಸ್ ಕಾಫಿ ಡಬ್ಬಿ ಪಕ್ಕ ಹೋಯಿತು. ಮಾವನವರು ಮುಂದಿನ ತಿಂಗಳು ಬರುತ್ತಿದ್ದಾರೆ. ಪ್ಯಾಕೆಟ್‌ನಲ್ಲಿ ಯಾಕೆ ಒಂದು ಚಮಚ ಕಡಿಮೆ ಇದೆ ಅಂತ ಕೇಳಿದರೆ ಏನು ಹೇಳುವುದು ಅಂತ ಯೋಚಿಸುತ್ತಿದ್ದೇನೆ.