ಸಹಾಯ ಬೇಕು: ಏರ್ ಆಂಬ್ಯುಲೆನ್ಸ್‌ಗೆ ಪಿಲಾಟಸ್ ಪಿಸಿ-12 ಒಳ್ಳೆಯದಾ, ಕಿಂಗ್ ಏರ್ ಬಿ200 ಒಳ್ಳೆಯದಾ?

ಎಲ್ಲರಿಗೂ ನಮಸ್ಕಾರ. ಕಲಬುರಗಿ, ಬೀದರ್ ಕಡೆಯಿಂದ ರೋಗಿಗಳನ್ನು ಬೆಂಗಳೂರಿಗೆ ಕರೆತರಲು ನಮ್ಮ ಟ್ರಸ್ಟ್ ಒಂದು ಸೆಕೆಂಡ್ ಹ್ಯಾಂಡ್ ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್‌ನಿಂದ ಪ್ರೊಪೆಲ್ಲರ್ ತಿರುಗುವ ವಿಮಾನ) ಕೊಳ್ಳಬೇಕೆಂದಿದೆ.

ಪಿಸಿ-12ರ ಹಿಂಬದಿ ಬಾಗಿಲು ಸುಮಾರು 1.3 ಮೀಟರ್ ಅಗಲ. ಸ್ಟ್ರೆಚರನ್ನು ಓರೆ ಮಾಡದೆ ನೇರವಾಗಿ ಒಳಗೆ ತಳ್ಳಬಹುದು. ವೆಂಟಿಲೇಟರ್ ಮೇಲಿರುವ ರೋಗಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಆದರೆ ಎಂಜಿನ್ ಒಂದೇ. ಬಿ200ಕ್ಕೆ ಎರಡಿವೆ, ಇಂಧನ ಜಾಸ್ತಿ ಬೇಕು, ಮಾಮೂಲಿ ಬಾಗಿಲು ಕಿರಿದು. ದೊಡ್ಡ ಕಾರ್ಗೋ ಬಾಗಿಲಿರುವ ಬಿ200ಸಿ ಹುಡುಕಿದೆವು, ನಮ್ಮ ಬಜೆಟ್‌ಗೆ ಸಿಗಲಿಲ್ಲ. ಆಸ್ಟ್ರೇಲಿಯಾದ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಎರಡನ್ನೂ ಬಳಸಿದೆ, ಹಾಗಾಗಿ ಅಲ್ಲೂ ಉತ್ತರ ಸಿಗಲಿಲ್ಲ.

ಮಳೆಗಾಲದ ರಾತ್ರಿ, ಮೋಡದ ನಡುವೆ ಒಂದೇ ಎಂಜಿನ್ ನಂಬಿ ರೋಗಿಯನ್ನು ತರಬಹುದಾ? ಹಾರಿಸಿದವರು, ರಿಪೇರಿ ಮಾಡಿದವರು ದಯವಿಟ್ಟು ಹೇಳಿ: ನೀವಾದರೆ ಯಾವುದನ್ನು ಆರಿಸುತ್ತೀರಿ, ಯಾಕೆ?